ಕಂಡೆನ್ಸರ್ ಮೈಕ್: ಕೊಳ್ಳುವ ಮುನ್ನ, ಕೊಂಡ ಮೇಲೆ

ಆನ್‌ಲೈನ್‌ನಲ್ಲಿ ಸಂಗೀತ ಪಾಠ ಹೇಳುವವರು, ಪಾಡ್‌ಕಾಸ್ಟ್ ಮಾಡುವವರು, ಕಥೆ ಓದಿ ಯೂಟ್ಯೂಬಿಗೆ ಹಾಕುವವರು ಎಲ್ಲರೂ ಕೇಳುವುದು ಒಂದೇ: ‘ಯಾವ ಕಂಡೆನ್ಸರ್ ಮೈಕ್ ತಗೊಳ್ಳಲಿ?’ ನಾನು ತಿರುಗಿ ಕೇಳುವುದೂ ಒಂದೇ: ‘ಎಲ್ಲಿ ಕೂತು ಹಾಡ್ತೀರಿ?’ ಡೈನಮಿಕ್ ಮೈಕಿನ ಪೊರೆ ತಂತಿಯ ಸುರುಳಿಯನ್ನೂ ಹೊತ್ತುಕೊಂಡು ಅಲುಗಬೇಕು. ಕಂಡೆನ್ಸರ್‌ನಲ್ಲಿ ಆ ಹೊರೆ ಇಲ್ಲ. ಕೂದಲಿಗಿಂತ ತೆಳುವಾದ ಪೊರೆ, ಅದರ ಹಿಂದೊಂದು ತಟ್ಟೆ, ನಡುವೆ ವಿದ್ಯುತ್ತು, ಅಷ್ಟೇ. ಹಾಗಾಗಿ ಗಮಕದ ಸಣ್ಣ ತಿರುವೂ ಅದಕ್ಕೆ ಸಿಗುತ್ತದೆ, ಪಕ್ಕದ ಮನೆಯ ಕುಕ್ಕರ್ ಸೀಟಿಯೂ ಸಿಗುತ್ತದೆ.

1. ಮೈಕಿಗಿಂತ ಮೊದಲು ಕೋಣೆ ಪರೀಕ್ಷಿಸಿ

ರೆಕಾರ್ಡಿಂಗ್ ಮಾಡಬೇಕೆಂದಿರುವ ಹೊತ್ತಿನಲ್ಲೇ ಆ ಕೋಣೆಯಲ್ಲಿ ಸುಮ್ಮನೆ ಕೂತು, ಫೋನಿನಲ್ಲಿ ಒಂದು ನಿಮಿಷ ಮೌನವನ್ನು ರೆಕಾರ್ಡ್ ಮಾಡಿ. ಹೆಡ್‌ಫೋನ್ ಹಾಕಿಕೊಂಡು, ವಾಲ್ಯೂಮ್ ಏರಿಸಿ ಕೇಳಿ. ಫ್ರಿಜ್ಜಿನ ಗುಂಯ್‌ಗುಡುವಿಕೆ, ಬೀದಿಯ ಆಟೊ, ಮೇಲಿನ ಮನೆಯವರು ಕುರ್ಚಿ ಎಳೆಯುವುದು ಎಲ್ಲ ಬಯಲಾಗುತ್ತದೆ. ಆಮೇಲೆ ಒಂದು ಚಪ್ಪಾಳೆ ತಟ್ಟಿ. ಸದ್ದು ಟಣ್ಣೆಂದು ಗೋಡೆಯಿಂದ ಗೋಡೆಗೆ ಹಾರಿದರೆ ಆ ಟೈಲ್ಸ್ ಕೋಣೆ ಬೇಡ. ಹಾಸಿಗೆ, ಬಟ್ಟೆಯ ಕಪಾಟು, ಪುಸ್ತಕದ ರಾಶಿ ಇರುವ ಕೋಣೆಗೆ ಹೋಗಿ. ಹಾಡುವವರ ಬೆನ್ನ ಹಿಂದೆ ಒಂದು ದಪ್ಪ ರಜಾಯಿ ತೂಗುಹಾಕಿ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ಉಪಾಯವನ್ನು ಮಾತ್ರ ಯಾರು ಹೇಳಿದರೂ ನಂಬಬೇಡಿ. ಆ ತೆಳು ರಟ್ಟು ಸದ್ದನ್ನು ಹೀರುವುದು ಅಷ್ಟಕ್ಕಷ್ಟೇ. ಬೆಂಕಿಗೆ ಮಾತ್ರ ಬೇಗ ತುತ್ತಾಗುತ್ತದೆ.

ಬೀದಿ ಗದ್ದಲ ತಪ್ಪಿಸಲು ಆಗುವುದೇ ಇಲ್ಲವೇ? ಒಳ್ಳೆಯ ಡೈನಮಿಕ್ ಮೈಕ್ ತಗೊಂಡು ಬಾಯಿಗೆ ಹತ್ತಿರ ಹಿಡಿಯಿರಿ. ಅದರಲ್ಲಿ ಮರ್ಯಾದೆ ಕಡಿಮೆ ಏನಿಲ್ಲ.

2. ಡಬ್ಬಿಯ ಮೇಲೆ ಎರಡು ಅಂಕಿ ನೋಡಿ

‘20ರಿಂದ 20,000 ಹರ್ಟ್ಸ್’ ಎಂದು ಎಲ್ಲರೂ ಅಚ್ಚು ಹಾಕುತ್ತಾರೆ; ಅದರಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಸೆಲ್ಫ್ ನಾಯ್ಸ್, ಅಂದರೆ ಮೈಕ್ ತಾನೇ ಹೊರಡಿಸುವ ಸದ್ದು. 15 ಡಿಬಿಯೊಳಗಿದ್ದರೆ ಹೆಚ್ಚಿನ ಕೆಲಸಕ್ಕೆ ಸಾಕು. 20 ದಾಟಿದರೆ ತಂಬೂರಿಯ ಹಿಂದೆ ಸಣ್ಣಗೆ ಸುಯ್ ಎನ್ನುವುದು ಕೇಳತೊಡಗುತ್ತದೆ. ರೋಡ್ ಕಂಪನಿಯ ಎನ್‌ಟಿ1 ಮೈಕಿನದು 5 ಡಿಬಿಗೂ ಕಡಿಮೆ. ಆದರೆ ಫ್ಯಾನ್ ತಿರುಗುವ ಕೋಣೆಯ ಗದ್ದಲ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಲ್ಲಿ ಕೂತು 5 ಡಿಬಿಯ ಮೈಕಿಗೆ ದುಡ್ಡು ಸುರಿದರೆ ನೀರಿನಲ್ಲಿ ಹೋಮ ಮಾಡಿದಂತೆ.

ಎರಡನೆಯದು ಮ್ಯಾಕ್ಸ್ ಎಸ್‌ಪಿಎಲ್, ಅಂದರೆ ದನಿ ಒಡೆಯದಂತೆ ಮೈಕ್ ತಾಳಿಕೊಳ್ಳುವ ಗರಿಷ್ಠ ಸದ್ದು. ಚಂಡೆ, ಡೋಲು, ತಮಟೆಯ ಹತ್ತಿರ ಇಡುವುದಾದರೆ 130 ಡಿಬಿಗಿಂತ ಮೇಲಿರಲಿ. ಮೈಕಿನ ಮೇಲೆ ಪ್ಯಾಡ್ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು.

3. ಜಾಲರಿಯೊಳಗೆ ಟಾರ್ಚ್ ಬಿಡಿ

ಸುಮಾರು ಒಂದಂಗುಲ ಅಗಲದ ಪೊರೆಯಿದ್ದರೆ ಅದು ಲಾರ್ಜ್ ಡಯಾಫ್ರಮ್. ಒಬ್ಬರ ದನಿಗೆ, ವಾಚನಕ್ಕೆ ಚೆನ್ನ. ಅರ್ಧ ಅಂಗುಲದ ಆಸುಪಾಸಿನದು ಪೆನ್ಸಿಲ್‌ನಂತಿರುವ ಸ್ಮಾಲ್ ಡಯಾಫ್ರಮ್. ಪಿಟೀಲು, ವೀಣೆ, ಘಟಗಳಿಗೆ ನನ್ನ ಮತ ಇದಕ್ಕೇ. ಅಗ್ಗದ ಮೈಕುಗಳಲ್ಲಿ ಒಂದು ಆಟವಿದೆ: ಹೊರಗೆ ಮುಷ್ಟಿ ಗಾತ್ರದ ಜಾಲರಿ, ಒಳಗೆ ಅಂಗಿ ಗುಂಡಿಯಷ್ಟು ಕ್ಯಾಪ್ಸೂಲ್. ಜಾಲರಿಗೆ ಟಾರ್ಚ್ ಬಿಟ್ಟರೆ ಗುಟ್ಟು ರಟ್ಟು.

ಇನ್ನೊಂದು ಸಂಗತಿ. ದೊಡ್ಡ ಡಯಾಫ್ರಮ್‌ನ ಬಹುಪಾಲು ಮೈಕುಗಳಿಗೆ ಹಾಡಬೇಕಾದದ್ದು ಪಕ್ಕದಿಂದ. ಐಸ್‌ಕ್ರೀಮ್ ಹಿಡಿದಂತೆ ತುದಿಗೆ ಬಾಯಿಟ್ಟು ಹಾಡಿ, ‘ಇದೇನು, ದನಿ ಬಾವಿಯೊಳಗಿಂದ ಬಂದಂತಿದೆ’ ಎನ್ನುವವರು ಬೇಕಾದಷ್ಟು ಜನ. ಸಾಮಾನ್ಯವಾಗಿ ಕಂಪನಿಯ ಗುರುತು ಇರುವ ಕಡೆಯೇ ಮುಖ.

4. ಫ್ಯಾಂಟಮ್ ಪವರ್: ಮೊದಲು ಮ್ಯೂಟ್, ಆಮೇಲೆ ಸ್ವಿಚ್

ಕಂಡೆನ್ಸರ್‌ಗೆ ಕರೆಂಟು ಬೇಕು. ಅದು ಮಿಕ್ಸರ್‌ನಿಂದ ಮೈಕ್ ಕೇಬಲ್ಲಿನಲ್ಲೇ ಹೋಗುತ್ತದೆ; ಫ್ಯಾಂಟಮ್ ಪವರ್ ಎಂದರೆ ಈ 48 ವೋಲ್ಟ್. 48 ವೋಲ್ಟೇ ಏಕೆ ಎಂಬುದಕ್ಕೆ ಕಾರಣವಿದೆ: ನಾರ್ವೆಯ ರೇಡಿಯೊ ಸ್ಟುಡಿಯೊಗಳಲ್ಲಿ ತುರ್ತು ದೀಪಕ್ಕೆಂದು ಆ ವೋಲ್ಟೇಜ್ ಮೊದಲೇ ಇತ್ತು. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ಅವರಿಗಾಗಿ ಮೈಕ್ ಮಾಡಿಕೊಡುವಾಗ ಅದನ್ನೇ ಬಳಸಿಕೊಂಡಿತು. ಮುಂದೆ ಅದೇ ರೂಢಿಯಾಯಿತು.

ಚಾನೆಲ್ ಮ್ಯೂಟ್ ಮಾಡದೆ ಫ್ಯಾಂಟಮ್ ಒತ್ತಿದರೆ ಸ್ಪೀಕರ್‌ನಿಂದ ಢಬ್ ಎಂಬ ಹೊಡೆತ ಬರುತ್ತದೆ. ಸರಿಯಾದ ಕೇಬಲ್ ಇದ್ದರೆ ಸಾಮಾನ್ಯ ಡೈನಮಿಕ್ ಮೈಕಿಗೆ ಫ್ಯಾಂಟಮ್‌ನಿಂದ ತೊಂದರೆಯಿಲ್ಲ. ಹಳೆಯ ರಿಬ್ಬನ್ ಮೈಕನ್ನೂ, ಮೈಕ್ ಇನ್‌ಪುಟ್ಟಿಗೆ ಹೇಗೋ ಜೋಡಿಸಿದ ಫೋನು, ಕೀಬೋರ್ಡುಗಳನ್ನೂ ಮಾತ್ರ ಅದರಿಂದ ದೂರವಿಡಿ. ಮೈಕ್ ಸತ್ತಿದೆ ಎಂದು ರಿಪೇರಿಗೆ ಕೊಡುವ ಮುಂಚೆ ಮಿಕ್ಸರ್‌ನ ಎಕ್ಸ್‌ಎಲ್‌ಆರ್ ಸಾಕೆಟ್ಟಿನಲ್ಲಿ 1 ಮತ್ತು 2ನೇ ಪಿನ್ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ. 44ರಿಂದ 52 ವೋಲ್ಟ್ ಬರಬೇಕು.

5. ಗೇನ್ ಮುಟ್ಟುವ ಮೊದಲು ಮೈಕ್ ಸರಿಸಿ

ದೂರ ಅರ್ಧಕ್ಕಿಳಿಸಿದರೆ ದನಿ ಸುಮಾರು 6 ಡಿಬಿ ಏರುತ್ತದೆ. ಕೋಣೆಯ ಗದ್ದಲ ಇದ್ದಷ್ಟೇ ಇರುತ್ತದೆ. ಇಷ್ಟು ಲಾಭವನ್ನು ಯಾವ ಸಾಫ್ಟ್‌ವೇರೂ ಪುಕ್ಕಟೆ ಕೊಡುವುದಿಲ್ಲ. ಗಾಯಕರಿಗೆ ಒಂದು ಗೇಣು ದೂರ, ನಡುವೆ ಪಾಪ್ ಫಿಲ್ಟರ್. ತೀರಾ ಹತ್ತಿರ ಬಂದರೆ ಕಾರ್ಡಿಯಾಯ್ಡ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕು ಮಂದ್ರವನ್ನು ಉಬ್ಬಿಸುತ್ತದೆ. ಎಫ್‌ಎಂ ನಿರೂಪಕರಿಗೆ ಅದು ಇಷ್ಟವಾದೀತು, ಆಲಾಪನೆಗೆ ಮಬ್ಬು ಕವಿಯುತ್ತದೆ.

ಪಿಟೀಲಿಗೆ ಮೇಲಿನಿಂದ, ಒಂದೂವರೆ ಅಡಿ ಎತ್ತರದಲ್ಲಿ ಇಟ್ಟು ನೋಡಿ. ಕಮಾನಿನ ಕರಕರ ಕಡಿಮೆಯಾಗಿ ಮರದ ನಾದ ಬರುತ್ತದೆ. ವೀಣೆಯ ಕುದುರೆಯ ಎದುರಿಗೇ ಇಟ್ಟರೆ ಮೀಟಿನ ಉಗುರ ಸದ್ದೇ ಮುಂದೆ ಬರುತ್ತದೆ, ಸ್ವಲ್ಪ ಕೊಡದ ಕಡೆಗೆ ವಾಲಿಸಿ. ಮೃದಂಗಕ್ಕೆ ಎರಡೂ ಕಡೆ ಮೈಕ್ ಇಟ್ಟಾಗ ಮಿಕ್ಸರ್‌ನಲ್ಲಿ ಒಂದರ ಪೊಲಾರಿಟಿ ಗುಂಡಿ ಒತ್ತಿ, ಬಿಟ್ಟು, ಕೇಳಿ. ಎಡದ ಗುಂಕಿ ಯಾವಾಗ ತುಂಬಿ ಬರುತ್ತದೋ ಹಾಗೇ ಬಿಡಿ. ಈ ಅರ್ಧ ನಿಮಿಷದ ಕೆಲಸ ಮಾಡದೆ ಒಂದು ಗಂಟೆ ಈಕ್ವಲೈಸರ್ ತಿರುವುವುದನ್ನು ನೋಡಿದರೆ ಅಯ್ಯೋ ಅನಿಸುತ್ತದೆ.

6. ವೇದಿಕೆಯಲ್ಲಿ ಜಿಪುಣರಾಗಿ

ತೆರೆದಿಟ್ಟ ಮೈಕುಗಳ ಸಂಖ್ಯೆ ಇಮ್ಮಡಿಯಾದ ಹಾಗೆಲ್ಲ, ಸ್ಪೀಕರ್ ಕೂಗು ಹೊಡೆಯುವ ಮುನ್ನ ದನಿ ಏರಿಸಲು ಸಿಗುವ ಅವಕಾಶ 3 ಡಿಬಿ ಕುಗ್ಗುತ್ತದೆ. ಬೇಡದ್ದನ್ನು ಮುಚ್ಚಿ. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದೆ ಕಿವುಡು, ಮಾನಿಟರ್ (ಕಲಾವಿದರಿಗೆ ಕೇಳಿಸಲೆಂದು ಇಡುವ ಸ್ಪೀಕರ್) ಅಲ್ಲಿಯೇ ಇರಲಿ. ಸೂಪರ್‌ಕಾರ್ಡಿಯಾಯ್ಡ್‌ಗೆ ನೇರ ಹಿಂದೆ ಒಂದಿಷ್ಟು ಕೇಳಿಸುತ್ತದೆ. ಅದರ ಮಾನಿಟರ್ ಹಿಂದಿನ ಓರೆಯಲ್ಲಿರಬೇಕು. ‘ಮೈಕ್ ಸರಿಯಿಲ್ಲ, ಕೂಗ್ತಾ ಇದೆ’ ಎಂಬ ದೂರುಗಳಲ್ಲಿ ಅರ್ಧಕ್ಕರ್ಧ ಮಾನಿಟರನ್ನು ಒಂದು ಮೊಳ ಸರಿಸಿದರೆ ತೀರುತ್ತವೆ.

ಕೊನೆಯ ಸಾಲಿಗೂ ಕೇಳಲೆಂದು ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ ನಾಡಿದು. ಈಗಿನ ಕಚೇರಿಗಳಲ್ಲಿ ಮೊದಲ ಸಾಲಿನವರು ಕಿವಿ ಮುಚ್ಚಿಕೊಳ್ಳುವಷ್ಟು ಮಾನಿಟರ್ ಏರಿಸುವುದು ಯಾರ ಸುಖಕ್ಕೋ! ಕಲಾವಿದರು ಒಪ್ಪಿದರೆ ಮಾನಿಟರ್ ತಗ್ಗಿಸಿ. ಆಗಲೇ ಕಂಡೆನ್ಸರ್‌ಗೆ ವೇದಿಕೆಯ ಮೇಲೆ ಉಸಿರಾಡಲು ಜಾಗ.

7. ಯಕ್ಷಗಾನದಲ್ಲಿ ಭಾಗವತರಿಗೆ ಬೇಡ, ಮಾತಿಗೆ ಇರಲಿ

ಭಾಗವತರ ಬಳಿಯೇ ಚಂಡೆಯಿರುತ್ತದೆ. ಅವರ ಮುಂದೆ ಕಂಡೆನ್ಸರ್ ಇಟ್ಟರೆ ಪದ್ಯಕ್ಕಿಂತ ಚಂಡೆಯೇ ಜೋರು. ಅಲ್ಲಿ ಶೂರ್ ಎಸ್‌ಎಂ 58ರಂಥ ಡೈನಮಿಕ್ ಮೈಕೇ ವಾಸಿ. ಆದರೆ ರಂಗಸ್ಥಳದಲ್ಲಿ ಕುಣಿಯುತ್ತಾ ಮಾತಾಡುವ ವೇಷಧಾರಿ ಬಾಯಿಗೆ ಮೈಕ್ ಹಿಡಿದುಕೊಳ್ಳಲಾರ; ದೂರದಿಂದ ಅರ್ಥಗಾರಿಕೆ ಹಿಡಿಯಲು ಮೇಲೆ ತೂಗುಬಿಟ್ಟ ಸಣ್ಣ ಕಂಡೆನ್ಸರ್ ಬೇಕು. ಬಯಲಾಟವಾದರೆ ಸ್ಪಂಜಿನ ಟೊಪ್ಪಿ ಮರೆಯಬೇಡಿ, ಲೋ-ಕಟ್ ಒತ್ತಿ. ಗಾಳಿಯ ಭರ್ರೆನ್ನುವ ಸದ್ದನ್ನು ಆಮೇಲೆ ತೆಗೆಯುವುದು ಕಷ್ಟ.

8. ಊದಬೇಡಿ, ತಟ್ಟಬೇಡಿ

ಉದ್ಘಾಟನೆಗೆ ಬಂದವರು ಉಫ್ ಎಂದು ಊದಿ ‘ಹಲೋ’ ಎನ್ನುವ ಅಭ್ಯಾಸ ಕಂಡೆನ್ಸರ್‌ಗೆ ಆಗಿಬರುವುದಿಲ್ಲ. ಉಸಿರಿನ ತೇವ ನೇರವಾಗಿ ಪೊರೆಗೆ ತಾಗುತ್ತದೆ. ಭಾಷಣಕ್ಕೆ ಬೇರೆಯೇ ಡೈನಮಿಕ್ ಮೈಕ್ ಇಡಿ.

9. ಮಳೆಗಾಲದಲ್ಲಿ ಡಬ್ಬಿ ಬಿಗಿ

ಉಡುಪಿ, ಕಾರ್ಕಳ, ಆಗುಂಬೆ ಕಡೆಯವರಿಗೆ ಇದು ಗೊತ್ತಿರುವ ಕಾಟ: ಮೈಕಿನಿಂದ ಚಟಪಟ, ಗುಡುಗುಡು. ತೇವ ಸೇರಿ ಕ್ಯಾಪ್ಸೂಲ್‌ನ ವಿದ್ಯುತ್ತು ಸೋರುವುದರಿಂದ ಹೀಗಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದೆರಡು ದಿನ ಇಟ್ಟರೆ ಬಹಳಷ್ಟು ಸಲ ಸರಿಹೋಗುತ್ತದೆ. ಹೇರ್ ಡ್ರೈಯರ್ ಬೇಡ, ಬಿಸಿಲಿಗೂ ಇಡಬೇಡಿ. ಎಸಿ ಕಾರಿನಿಂದ ಸೆಕೆಯ ಸಭಾಂಗಣಕ್ಕೆ ತಂದ ಮೈಕನ್ನು ಡಬ್ಬಿಯಲ್ಲೇ ಅರ್ಧ ಗಂಟೆ ಬಿಟ್ಟು, ಹೊರಗಿನ ಸೆಕೆಗೆ ಹೊಂದಿಕೊಂಡ ಮೇಲೆ ತೆಗೆಯಿರಿ.

10. ಯುಎಸ್‌ಬಿ ಮೈಕೋ, ಎಕ್ಸ್‌ಎಲ್‌ಆರೋ?

ಒಬ್ಬರೇ ಓದುವುದಾದರೆ ಯುಎಸ್‌ಬಿ ಸಾಕು. ಮುಂದೆ ತಂಬೂರಿಯೋ ಮೃದಂಗವೋ ಸೇರುವ ಸಾಧ್ಯತೆ ಇದ್ದರೆ ಈಗಲೇ ಎಕ್ಸ್‌ಎಲ್‌ಆರ್ ಮೈಕಿನ ಜೊತೆ ಎರಡು ಇನ್‌ಪುಟ್‌ನ ಆಡಿಯೊ ಇಂಟರ್‌ಫೇಸ್ ತಗೊಳ್ಳಿ. ಮೈಕನ್ನು ನಾಲ್ಕು ದಿನ ಬಾಡಿಗೆಗೆ ತಂದು, ನೀವು ರೆಕಾರ್ಡ್ ಮಾಡುವ ಕೋಣೆಯಲ್ಲೇ ಬಳಸಿ ನೋಡಿ, ಆಮೇಲೆ ಕೊಳ್ಳಿ.