ಎಪಿಡ್ಯೂರಲ್: ಹೆರಿಗೆ ಕೋಣೆಗೆ ಹೋಗುವ ಮುನ್ನವೇ ಯೋಚಿಸಿ
ನೋವು ತಗ್ಗಿಸುವ ಎಪಿಡ್ಯೂರಲ್ ಅರಿವಳಿಕೆ ಬೇಕೇ ಬೇಡವೇ ಎಂಬ ಯೋಚನೆಯನ್ನು ಹೆರಿಗೆ ನೋವು ಶುರುವಾಗುವ ತನಕ ಮುಂದೂಡುವುದೇ ದೊಡ್ಡ ತಪ್ಪು. ನೋವು ಏರಿದ ಮೇಲೆ ಕೇಳಿ ತಿಳಿಯುವ ತಾಳ್ಮೆ ಯಾರಿಗೂ ಉಳಿಯದು. ತಿರುವನಂತಪುರದ ಚಾಲೈ ಪೇಟೆಯವರು ಎಸ್‌ಎಟಿ ಸರ್ಕಾರಿ ಆಸ್ಪತ್ರೆಗೆ ಹೋಗಲಿ, ಕಾಸರಗೋಡಿನವರು ಮಂಗಳೂರಿಗೆ ಬರಲಿ, ಎಂಟನೆಯ ತಿಂಗಳ ತಪಾಸಣೆಯಲ್ಲೇ ವಿಚಾರಿಸಬೇಕು: ರಾತ್ರಿಯೂ ಅರಿವಳಿಕೆ ತಜ್ಞರು ಸಿಗುತ್ತಾರೆಯೇ? ಖರ್ಚೆಷ್ಟು?

ಸೊಂಟದ ಭಾಗದಲ್ಲಿ ಬೆನ್ನಿಗೆ ಸಣ್ಣ ನಳಿಕೆ ಇರಿಸಿ ಮದ್ದು ಕೊಡುತ್ತಾರೆ. ನೋವು ಇಳಿಯಲು ಸುಮಾರು 20 ನಿಮಿಷ ಬೇಕು. ಇದರಿಂದ ಶಾಶ್ವತ ಸೊಂಟನೋವು ಬರುತ್ತದೆ, ಸಿಸೇರಿಯನ್ ಆಗುತ್ತದೆ ಎಂಬ ಭಯಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಆದರೆ ರಕ್ತದೊತ್ತಡ ಇಳಿಯಬಹುದು, ಮಗುವನ್ನು ಹೊರದೂಡುವ ಹಂತ ದೀರ್ಘವಾಗಬಹುದು, ನೂರರಲ್ಲಿ ಸುಮಾರು ಒಬ್ಬರಿಗೆ ತೀವ್ರ ತಲೆನೋವು ಬರಬಹುದು. ರಕ್ತ ತೆಳುವಾಗಿಸುವ ಔಷಧ, ಕಡಿಮೆ ಪ್ಲೇಟ್‌ಲೆಟ್, ಹಿಂದಿನ ಬೆನ್ನಿನ ಶಸ್ತ್ರಚಿಕಿತ್ಸೆ, ಯಾವುದನ್ನೂ ವೈದ್ಯರಿಂದ ಮುಚ್ಚಿಡಬಾರದು.

‘ನಾವೆಲ್ಲ ಹೆತ್ತಿಲ್ಲವೇ’ ಎಂಬ ಹಿರಿಯರ ಮಾತು ಇಲ್ಲಿ ಅಳತೆಗೋಲಾಗಬಾರದು. ಆರೋಗ್ಯವಂತ ಗರ್ಭಿಣಿ ಕೇಳಿದರೆ ಎಪಿಡ್ಯೂರಲ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಹೇಳಿದೆ. ಮೊದಲು ಬೇಡವೆಂದವಳು ನಡುವೆ ಬೇಕೆನ್ನಲೂಬಹುದು. ಮಗು ಹೊರಬರುವ ಹೊತ್ತಾಗಿದ್ದರೆ ಮಾತ್ರ ಮದ್ದು ಹತ್ತುವಷ್ಟು ಸಮಯವಿರುವುದಿಲ್ಲ.