ಸೋರ್ಸ್‌ನಿಂದ ಬಿಲ್ಡ್ ಮಾಡುತ್ತ ಕಲಿತ ಐದು ಪಾಠಗಳು

ಲಿನಕ್ಸ್‌ನಲ್ಲಿ ಸಿದ್ಧ ಪ್ಯಾಕೇಜಿನ ಆವೃತ್ತಿ ಹಳತಾಗಿದ್ದರೆ ಸೋರ್ಸ್ ಕೋಡ್ ಇಳಿಸಿಕೊಂಡು ನಾವೇ ಬಿಲ್ಡ್ ಮಾಡಬೇಕಾಗುತ್ತದೆ. ಆಗ ಹೆಚ್ಚಾಗಿ ಕಾಡುವುದು ಲೈಬ್ರರಿಗಳು. ಎಡವಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲ ಎರರ್ ಓದಿ, ಕೊನೆಯದನ್ನಲ್ಲ

ಶುರುವಿನಲ್ಲಿ ನಾನು ಪರದೆಯ ಕೊನೆಯ ಸಾಲನ್ನೇ ಗೂಗಲ್‌ಗೆ ಹಾಕಿ ಹುಡುಕುತ್ತಿದ್ದೆ. ‘ಮೇಕ್’ ನಿಂತುಹೋಯಿತು ಎಂದಷ್ಟೇ ಆ ಸಾಲು ಹೇಳುತ್ತದೆ. ಏಕೆ ನಿಂತಿತು ಎಂಬುದು ತುಂಬ ಮೇಲೆ, ಮೊದಲ ಎರರ್‌ನಲ್ಲಿ ಇರುತ್ತದೆ. ‘ಕಾನ್ಫಿಗರ್’ ಹಂತದಲ್ಲೇ ಸೋತರೆ ಅದೇ ಫೋಲ್ಡರಿನ ಕಾನ್ಫಿಗ್ ಲಾಗ್ ತೆರೆಯಿರಿ. ಯಾವ ಪರೀಕ್ಷೆ ಯಾವ ಕಾರಣಕ್ಕೆ ಬಿತ್ತು ಎಂಬುದು ಅಲ್ಲಿ ಸಿಗುತ್ತದೆ.

2. ಲೈಬ್ರರಿ ಇದ್ದ ಮಾತ್ರಕ್ಕೆ ಹೆಡರ್ ಇರುವುದಿಲ್ಲ

ಝಡ್‌ಲಿಬ್ ಇನ್‌ಸ್ಟಾಲ್ ಆಗಿದೆ, ಆದರೂ ಕಂಪೈಲರ್ ಅದರ ಹೆಡರ್ ಫೈಲ್ ಸಿಗಲಿಲ್ಲ ಎನ್ನುತ್ತದೆ. ಇದರ ಗುಟ್ಟು ತಿಳಿಯದೆ ನಾನು ಅದೇ ಪ್ಯಾಕೇಜನ್ನು ತೆಗೆದು ಮತ್ತೆ ಹಾಕುತ್ತಿದ್ದೆ. ಪ್ರೋಗ್ರಾಂ ಓಡಿಸಲು ಬೇಕಾದ ಭಾಗ ಒಂದು ಪ್ಯಾಕೇಜಿನಲ್ಲಿ, ಬಿಲ್ಡ್ ಮಾಡಲು ಬೇಕಾದ ಹೆಡರ್‌ಗಳು ಇನ್ನೊಂದರಲ್ಲಿ ಇರುತ್ತವೆ. ಉಬುಂಟು, ಡೆಬಿಯನ್‌ಗಳಲ್ಲಿ ಆ ಎರಡನೆಯದರ ಹೆಸರು ‘-ಡೆವ್’ ಎಂದೂ ಫೆಡೋರಾದಲ್ಲಿ ‘-ಡೆವೆಲ್’ ಎಂದೂ ಮುಗಿಯುತ್ತದೆ.

3. ತೊಂದರೆ ಯಾವ ಹಂತದ್ದು ಎಂದು ಮೊದಲು ಗುರುತಿಸಿ

ಹೆಡರ್ ಸಿಗದಿದ್ದರೆ ಅದು ಕಂಪೈಲ್ ಹಂತ. ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ಬಂದರೆ ಲಿಂಕ್ ಹಂತ. ಬಿಲ್ಡ್ ಮುಗಿದು, ಓಡಿಸುವಾಗ ಲೈಬ್ರರಿ ಸಿಗದಿದ್ದರೆ ಅದು ಲೋಡರ್‌ನ ಮಾತು. ಈ ಕೊನೆಯದಕ್ಕೆ ನಾನು ಇಡೀ ಬಿಲ್ಡನ್ನೇ ಮತ್ತೆ ಮಾಡುತ್ತಿದ್ದೆ. ಹೊಸ ಲೈಬ್ರರಿ ‘ಯುಎಸ್‌ಆರ್ ಲೋಕಲ್’ ಕೆಳಗೆ ಕುಳಿತಿದ್ದರೆ, ಹಲವು ಸಲ ‘ಎಲ್‌ಡಿಕಾನ್ಫಿಗ್’ ಒಮ್ಮೆ ಓಡಿಸಿದರೆ ಸಾಕು. ಯಾವ ಲೈಬ್ರರಿ ಸಿಕ್ಕಿಲ್ಲ ಎಂದು ನೋಡಲು ‘ಎಲ್‌ಡಿಡಿ’ ಇದೆ.

4. ಹೆಸರು ಬದಲಿಸಿ ಲೋಡರ್ ಕಣ್ಣಿಗೆ ಮಣ್ಣೆರಚಬೇಡಿ

2021ರಲ್ಲಿ ಓಪನ್‌ಎಸ್‌ಎಸ್‌ಎಲ್ 3.0 ಬಂತು, ಉಬುಂಟು 22.04ರಲ್ಲಿ ಅದೇ ಇದೆ. ಹಳೆಯ ಪ್ರೋಗ್ರಾಂ ಒಂದು 1.1ರ ಲೈಬ್ರರಿ ಕೇಳಿದಾಗ, ನಾನು ಹೊಸದಕ್ಕೇ ಹಳೆಯ ಹೆಸರಿನ ಸಿಮ್‌ಲಿಂಕ್ ಹಾಕಿದೆ. ಲೋಡರ್ ಆವೃತ್ತಿ ಹೊಂದುವುದಿಲ್ಲ ಎಂದು ತಡೆಯಿತು. ಫೈಲ್ ಹೆಸರಿನ ಆ ಅಂಕಿ ಬದಲಾಯಿತೆಂದರೆ ಒಳಗಿನ ಒಪ್ಪಂದವೇ ಬದಲಾಗಿದೆ ಎಂದರ್ಥ. ಪ್ರೋಗ್ರಾಂ ಅನ್ನು ಹೊಸ ಲೈಬ್ರರಿಯೊಂದಿಗೆ ಮತ್ತೆ ಬಿಲ್ಡ್ ಮಾಡುವುದೇ ಸರಿಯಾದ ದಾರಿ.

5. ಎರರ್ ಬರಲಿಲ್ಲವೆಂದು ನಿಶ್ಚಿಂತರಾಗಬೇಡಿ

ಕನ್ನಡಿಗರಾದ ನಮಗೆ ಇದು ಮುಖ್ಯ. ಒಮ್ಮೆ ಇಮೇಜ್‌ಮ್ಯಾಜಿಕ್ ಅನ್ನು ಬಿಲ್ಡ್ ಮಾಡಿದೆ, ಒಂದೂ ಎರರ್ ಇಲ್ಲ. ಚಿತ್ರದ ಮೇಲೆ ‘ಕನ್ನಡ’ ಎಂದು ಬರೆಸಿದರೆ ಒತ್ತಕ್ಷರ ಕೆಳಗಿಳಿಯಲೇ ಇಲ್ಲ. ನ, ಅದರ ಬದಿಗೆ ಹಲಂತದ ಗುರುತು, ಮತ್ತೊಂದು ನ ಸಾಲಾಗಿ ನಿಂತವು. ಫಾಂಟ್ ಕೆಟ್ಟಿದೆ ಎಂದುಕೊಂಡು ಒಂದಾದ ಮೇಲೊಂದು ಫಾಂಟ್ ಬದಲಿಸಿದೆ. ಕಾರಣ ‘ಕಾನ್ಫಿಗರ್’ ಕೊನೆಯಲ್ಲಿ ಕೊಡುವ ಪಟ್ಟಿಯಲ್ಲೇ ಇತ್ತು: ‘ರಕ್ಮ್’ ಲೈಬ್ರರಿಯ ಎದುರು ಕೇಳಿದ್ದು ‘ಯೆಸ್’, ಸಿಕ್ಕಿದ್ದು ‘ನೋ’. ಹಾರ್ಫ್‌ಬಜ್ ನೆರವಿನಿಂದ ಅಕ್ಷರಗಳನ್ನು ಜೋಡಿಸಿಕೊಡುವುದು ಅದೇ. ಐಚ್ಛಿಕ ಲೈಬ್ರರಿ ಸಿಗದಿದ್ದರೆ ಬಿಲ್ಡ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ರಕ್ಮ್‌ನ ಡೆವ್ ಪ್ಯಾಕೇಜ್ ಹಾಕಿ, ‘ಕಾನ್ಫಿಗರ್’‌ನಿಂದ ಮತ್ತೆ ಶುರುಮಾಡಿದ ಮೇಲೆ ಒತ್ತು ತನ್ನ ಜಾಗಕ್ಕೆ ಬಂತು.

ನೀವೂ ಬಿಲ್ಡ್ ಮಾಡುವಾಗ ರೀಡ್‌ಮಿಯಲ್ಲಿ ಹೇಳದ ಲೈಬ್ರರಿಯೊಂದು ಬೇಕಾಯಿತೆಂದರೆ, ಅದರ ಹೆಸರನ್ನು ಆ ಪ್ರಾಜೆಕ್ಟಿನವರಿಗೆ ದಯವಿಟ್ಟು ತಿಳಿಸಿ. ಮುಂದೆ ಬರುವವರ ಒಂದು ದಿನ ಅದರಿಂದ ಉಳಿಯುತ್ತದೆ.