ಖಾಲಿ ಟ್ಯಾಂಕರ್ ಯಾಕೆ ಅಷ್ಟು ಭಾರ?

ಅಂಜನಾಪುರದಲ್ಲಿ ಪಿಜಿ ಹಿಡಿದವರಿಗೆ ಅಲಾರಂ ಬೇಕಾಗಲ್ಲ. ಬೆಳಗ್ಗೆ ಐದೂವರೆಗೆ ಟ್ಯಾಂಕರ್ ಎಳೆಯೋ ಟ್ರ್ಯಾಕ್ಟರ್ ಸ್ಟಾರ್ಟ್ ಆಗೋ ಸದ್ದೇ ಸಾಕು. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದರೂ ನಮ್ಮ ಬೀದಿಗೆ ಟ್ಯಾಂಕರ್ ಬರೋದು ನಿಂತಿಲ್ಲ. ಅದನ್ನ ಓಡಿಸೋ ಅಣ್ಣನಿಗೆ ವಯಸ್ಸು ಐವತ್ತರ ಹತ್ತಿರ. ಸೊಂಟಕ್ಕೆ ಟವೆಲ್ ಬಿಗಿದು ಕಟ್ಟಿಕೊಂಡಿರ್ತಾರೆ. ಅದು ಸ್ಟೈಲ್ ಅಂತ ನಾನು ಒಂದು ವರ್ಷ ಅಂದುಕೊಂಡಿದ್ದೆ.

ಸಂಜೆಯಾದರೆ ಟ್ರ್ಯಾಕ್ಟರ್ ಬೇರೆ ಕೆಲಸಕ್ಕೆ ಹೋಗತ್ತೆ. ಹಾಗಾಗಿ ಖಾಲಿ ಟ್ಯಾಂಕರನ್ನ ಬಿಚ್ಚಿ ಖಾಲಿ ಸೈಟಲ್ಲಿ ನಿಲ್ಲಿಸ್ತಾರೆ, ಬೆಳಗ್ಗೆ ಅದರ ಮೂತಿ ಎತ್ತಿ ಹುಕ್ಕಿಗೆ ಸೇರಿಸಿ ಪಿನ್ನು ಹಾಕ್ತಾರೆ. ಒಂದು ದಿನ ನನ್ನನ್ನೂ ರೂಮ್‌ಮೇಟನ್ನೂ ಕೈ ಹಾಕೋಕೆ ಕರೆದರು. "ಒಂದೊಂದ್ ದಿನ ಒಬ್ನೇ ಎತ್ ಬುಡ್ತೀನಿ ಮಗ, ಒಂದೊಂದ್ ದಿನ ಮೂರು ಜನ ಬೇಕಾಯ್ತದೆ. ಅದೇ ಟ್ಯಾಂಕರು, ಖಾಲಿನೇ ಐತೆ. ಸೊಂಟ ನಂದೇ ಹೋಗೈತೋ ಏನೋ" ಅಂದರು.

ಮೆಕ್ಯಾನಿಕಲ್ ವಿದ್ಯಾರ್ಥಿಗಳ ಮುಂದೆ ಇಂಥ ಮಾತು ಆಡಬಾರದು. ಅದೇ ದಿನ ಫ್ರೀ ಬಾಡಿ ಡಯಾಗ್ರಾಂ ಬರೆದೆವು.

ಎತ್ತಿನಗಾಡಿ ಕಂಡವರಿಗೆ ವಿಷಯ ಗೊತ್ತೇ ಇರತ್ತೆ. ಗಾಡಿಗೆ ಎರಡೇ ಚಕ್ರ. ಹೇರು ಹಿಂದಕ್ಕಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳನ್ನ ಎಳೆಯತ್ತೆ, ಮುಂದಕ್ಕಾದರೆ ಭಾರವೆಲ್ಲ ಹೆಗಲ ಮೇಲೆ. ಗಾಡಿ ಹೊಡೆಯೋರು ಮೂಟೆಗಳನ್ನ ಹಿಂದೆ ಮುಂದೆ ಸರಿಸಿ ಹದ ಮಾಡ್ತಿದ್ದರು. ಟ್ರ್ಯಾಕ್ಟರ್ ಟ್ಯಾಂಕರೂ ಅದೇ ಎರಡು ಚಕ್ರದ ಗಾಡಿ, ಎತ್ತಿನ ಹೆಗಲಿನ ಜಾಗದಲ್ಲಿ ಹುಕ್ಕಿದೆ. ಆದರೆ ಮೂತಿ ಮೇಲೆ ಒಂದಿಷ್ಟು ಭಾರ ಇರಲೇಬೇಕು, ಇಲ್ಲದಿದ್ದರೆ ವೇಗದಲ್ಲಿ ಗಾಡಿ ಬಾಲ ಆಡಿಸೋಕೆ ಶುರು ಮಾಡತ್ತೆ. ವಿದೇಶಗಳಲ್ಲಿ ಕುದುರೆಗಳನ್ನ ಪಿಕಪ್ ಹಿಂದಿನ ಟ್ರೈಲರ್‌ನಲ್ಲಿ ಸಾಗಿಸೋರು ಒಟ್ಟು ತೂಕದ ಶೇ. 10ರಿಂದ 15ರಷ್ಟು ಮೂತಿ ಮೇಲೆ ಬರೋ ಹಾಗೆ ನೋಡಿಕೊಳ್ತಾರೆ. 1500 ಕೆಜಿ ಟ್ರೈಲರ್ ಅಂದರೆ 150ರಿಂದ 225 ಕೆಜಿ. ಅದನ್ನ ಯಾರೂ ಕೈಯಲ್ಲಿ ಎತ್ತಲ್ಲ, ಅದಕ್ಕೇ ಮೂತಿಗೆ ಒಂದು ಸ್ಕ್ರೂ ಜಾಕ್ ಇರತ್ತೆ. ನಮ್ಮ ಟ್ಯಾಂಕರ್‌ಗೆ ಇದ್ದದ್ದು ಒಂದು ಮರದ ತುಂಡು.

ಲೆಕ್ಕಕ್ಕೆ ಬರೋಣ. 5000 ಲೀಟರ್ ಟ್ಯಾಂಕ್, ಖಾಲಿ ತೂಕ 1200 ಕೆಜಿ. ಆಕ್ಸಲ್‌ನಿಂದ ಮೂತಿಯ ರಿಂಗಿಗೆ ಎರಡೂವರೆ ಮೀಟರ್. ಗುರುತ್ವ ಕೇಂದ್ರ ಆಕ್ಸಲ್‌ಗಿಂತ 10 ಸೆಂ.ಮೀ. ಮುಂದೆ ಅಂತಿಟ್ಟುಕೊಂಡರೆ ಮೂತಿ ಭಾರ 1200 × 0.1 ÷ 2.5, ಅಂದರೆ 48 ಕೆಜಿ. ಗಟ್ಟಿಮುಟ್ಟಾದವನು ಉಸಿರು ಬಿಗಿಹಿಡಿದು ಎತ್ತಬಹುದು. ಹಾಗಾದರೆ ಮೂರು ಜನ ಯಾಕೆ ಬೇಕಾಯ್ತು?

ತೂಗಿ ನೋಡಿದೆವು. ಪಿಜಿಯ ಬಾತ್‌ರೂಮ್ ತಕ್ಕಡಿ ಮೇಲೆ ಸೀದಾ ಇಟ್ಟರೆ ಅದರ ಕಥೆ ಮುಗಿಯತ್ತೆ. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ತಕ್ಕಡಿ ಮೇಲೆ. ಮೂತಿಯನ್ನ ಜಾಕಿನಿಂದ ಎತ್ತಿ, ಇಟ್ಟಿಗೆ ಕಡೆಯಿಂದ ಹಲಗೆಯ ಕಾಲು ಭಾಗದಲ್ಲಿ ಕೂರಿಸಿದರೆ ತಕ್ಕಡಿಗೆ ಕಾಲು ಭಾಗ ಭಾರ ಮಾತ್ರ ಬರತ್ತೆ. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೇ ಇದನ್ನ ಮಾಡಬೇಕು. ಹಲಗೆಯ ತೂಕ ಕಳೆದ ಮೇಲೆ ತಕ್ಕಡಿ ತೋರಿಸಿದ್ದು ಸುಮಾರು 40. ಅಂದರೆ ಮೂತಿ ಮೇಲೆ 160 ಕೆಜಿ! ಲೆಕ್ಕ ಮೂರು ಸಲ ತಿದ್ದಿದೆವು. ತಪ್ಪು ಲೆಕ್ಕದಲ್ಲಿ ಇರಲಿಲ್ಲ, 'ಖಾಲಿ' ಅನ್ನೋ ಪದದಲ್ಲಿ ಇತ್ತು.

ಟ್ಯಾಂಕರ್‌ನ ನಲ್ಲಿ ಇರೋದು ಹಿಂದುಗಡೆ. ಕೊನೆ ಟ್ರಿಪ್ಪಲ್ಲಿ ರಸ್ತೆ ಇಳಿಜಾರಾಗಿದ್ದು ಮೂತಿ ಕೆಳಗಿದ್ದರೆ ತಳದ ನೀರು ನಲ್ಲಿಗೆ ಬರಲ್ಲ. ಆ ನೀರು 300 ಲೀಟರ್ ಅಂತಿಟ್ಟುಕೊಳ್ಳಿ. ರಾತ್ರಿ ಮೂತಿಯನ್ನ ಮರದ ತುಂಡಿನ ಮೇಲೆ ಇಳಿಸಿದಾಗ ರಿಂಗ್ ಹುಕ್ಕಿಗಿಂತ 30 ಸೆಂ.ಮೀ. ಕೆಳಗೆ ಹೋಗತ್ತೆ, ಎರಡೂವರೆ ಮೀಟರ್‌ಗೆ ಶೇ. 12ರ ಇಳಿಜಾರು. ನೀರೆಲ್ಲ ಮುಂದಕ್ಕೆ ಓಡಿ ಬೆಣೆಯ ಆಕಾರದಲ್ಲಿ ನಿಲ್ಲತ್ತೆ. ಅದರ ಗುರುತ್ವ ಕೇಂದ್ರ ಆಕ್ಸಲ್‌ಗಿಂತ ಹೆಚ್ಚುಕಡಿಮೆ ಒಂದು ಮೀಟರ್ ಮುಂದೆ ಬೀಳತ್ತೆ. 300 × 1 ÷ 2.5, ಬರೋಬ್ಬರಿ 120 ಕೆಜಿ. ಅದೇ ನೀರು ಸಮತಟ್ಟಾಗಿ ಹರಡಿಕೊಂಡಿದ್ದರೆ 30 ಕೆಜಿ ಮಾತ್ರ ಸೇರ್ತಿತ್ತು. ಅಣ್ಣನ ಸೊಂಟ ಹಾಳಾಗಿದ್ದು ನಿಜ, ಆದರೆ ಅವತ್ತು ಮೂರು ಜನ ಬೇಕಾಗಿದ್ದಕ್ಕೆ ಸೊಂಟ ಕಾರಣ ಅಲ್ಲ.

ನೀರು ಪೂರ್ತಿ ಖಾಲಿ ಮಾಡಿದರೆ 48 ಕೆಜಿ, ಸಮಸ್ಯೆ ಮುಗೀತಲ್ಲ ಅಂತ ಕೇಳಬಹುದು. ಇಲ್ಲ. ಬಗ್ಗಿ ಎತ್ತುವಾಗ ಭಾರ ಸೊಂಟದ ಕೀಲಿನಿಂದ ಅರ್ಧ ಮೀಟರ್ ದೂರ ಇದೆ ಅಂದುಕೊಳ್ಳಿ. 48 ಕೆಜಿ ಅಂದರೆ 470 ನ್ಯೂಟನ್, ಮೊಮೆಂಟ್ 235 ನ್ಯೂಟನ್ ಮೀಟರ್. ಅದನ್ನ ತಡೆಯೋ ಬೆನ್ನಿನ ಸ್ನಾಯುಗಳಿಗೆ ಸಿಗೋ ಲಿವರ್ ಆರ್ಮ್ ಐದು ಸೆಂ.ಮೀ. ಅಷ್ಟೇ. 235ನ್ನ 0.05ರಿಂದ ಭಾಗಿಸಿ: 4700 ನ್ಯೂಟನ್. ಮೈಭಾರ ಇನ್ನೂ ಸೇರಿಸಿಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1981ರಲ್ಲಿ ಡಿಸ್ಕ್ ಮೇಲಿನ ಒತ್ತಡಕ್ಕೆ 3400 ನ್ಯೂಟನ್ ಅನ್ನೋ ಎಚ್ಚರಿಕೆಯ ಮಿತಿ ಹಾಕಿತ್ತು, ಅದೂ ಆರೋಗ್ಯವಂತರಿಗೆ. ಅದೇ ಸಂಸ್ಥೆಯ 1991ರ ಸೂತ್ರ 23 ಕೆಜಿಯಿಂದ ಶುರುವಾಗಿ ದೂರ, ಎತ್ತರ, ಹಿಡಿತ ನೋಡಿ ಇಳೀತಾ ಹೋಗತ್ತೆ. ನೆಲದಿಂದ 15 ಸೆಂ.ಮೀ. ಎತ್ತರದಲ್ಲಿ, ಅರ್ಧ ಮೀಟರ್ ದೂರದಲ್ಲಿ ಇರೋ ರಿಂಗನ್ನ ಹಿಡಿತ ಸರಿಯಿಲ್ಲದೆ 30 ಸೆಂ.ಮೀ. ಎತ್ತೋಕೆ ಅದು ಕೊಡೋ ಉತ್ತರ ಸುಮಾರು 8 ಕೆಜಿ. ಎಂಟೇ.

ಇದರ ಮೇಲೆ ಹೊತ್ತಿನ ಸಮಸ್ಯೆ ಬೇರೆ. ರಾತ್ರಿ ಮಲಗಿದ್ದಾಗ ಬೆನ್ನಿನ ಡಿಸ್ಕುಗಳು ನೀರು ಹೀರಿ ಉಬ್ಬಿರತ್ತೆ, ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಅಣ್ಣ ಮೂತಿ ಎತ್ತೋದು ಸರಿಯಾಗಿ ಅದೇ ಹೊತ್ತಿಗೆ.

ವರ್ಕ್‌ಶಾಪಲ್ಲಿ ಒಂದು ಸ್ಕ್ರೂ ಜಾಕ್ ಸ್ಟ್ಯಾಂಡ್ ಮಾಡಿಕೊಟ್ಟೆವು. 5 ಮಿ.ಮೀ. ಪಿಚ್, 20 ಸೆಂ.ಮೀ. ಹಿಡಿ. ಯಾಂತ್ರಿಕ ಲಾಭ 250, ಘರ್ಷಣೆ ಕಳೆದು ಶೇ. 30 ದಕ್ಷತೆ ಹಿಡಿದರೂ 75. 168 ಕೆಜಿ ಮೂತಿಗೆ ಎರಡೂ ಕಾಲು ಕೆಜಿ ಬಲ ಸಾಕು. ಪ್ರಾಜೆಕ್ಟ್ ರಿಪೋರ್ಟ್ ಬರೆಯೋಕೆ ಚೆನ್ನಾಗಿತ್ತು. ಅಣ್ಣ ಎರಡು ದಿನ ಬಳಸಿ ಮೂಲೆಗೆ ಎಸೆದರು. "ಇದ್ ತಿರುಗಿಸೋಕಿಂತ ಎತ್ತಾಕೋದೇ ವಾಸಿ ಕಣಪ್ಪಾ." ಸಿಟ್ಟು ಬಂತು. ಆಮೇಲೆ ನಾವೇ ತಿರುಗಿಸಿ ನೋಡಿದೆವು. 30 ಸೆಂ.ಮೀ. ಏರಿಸೋಕೆ 60 ಸುತ್ತು, ಹಿಡಿ ಇದ್ದದ್ದು ಮೊಣಕಾಲಿನ ಎತ್ತರಕ್ಕೆ. ಭಾರ ತೆಗೆದಿದ್ದೆವು, ಬಗ್ಗೋದನ್ನ ತೆಗೆದಿರಲಿಲ್ಲ.

ಎರಡನೇ ಸಲ ಹಿಡಿಯನ್ನ ಸೊಂಟದ ಮಟ್ಟಕ್ಕೆ ಏರಿಸಿದೆವು, ನಿಂತೇ ತಿರುಗಿಸಬಹುದು. ಅದಕ್ಕಿಂತ ದೊಡ್ಡ ಬದಲಾವಣೆ ಏನಂದರೆ ಮೂತಿ ಕೆಳಗೆ ಇಳಿಯಲೇಬಾರದು. ಬಿಚ್ಚುವ ಮೊದಲೇ ಜಾಕಿನ ಒಳಗಿನ ಕಾಲನ್ನ ಜಾರಿಸಿ ಪಿನ್ನು ಹಾಕಿದರೆ ರಿಂಗ್ ಹುಕ್ಕಿನ ಎತ್ತರದಲ್ಲೇ ನಿಲ್ಲತ್ತೆ. ಬೆಳಗ್ಗೆ ಐದು ಸೆಂ.ಮೀ. ಹೊಂದಿಸಿದರೆ ಸಾಕು, ಹತ್ತು ಸುತ್ತು. ಕಾಲಿನ ಕೆಳಗೆ ಒಂದಡಿ ಚದರದ ಹಲಗೆ ಬೇಕೇ ಬೇಕು. ಮಳೆ ಬಿದ್ದ ಕೆಮ್ಮಣ್ಣಲ್ಲಿ ಬರೀ ಕಾಲು ಹೂತು ಹೋಗತ್ತೆ, ಬೆಳಗ್ಗೆ ಮತ್ತೆ ಹಳೇ ಕಥೆ.

ಟ್ರ್ಯಾಕ್ಟರ್‌ನಲ್ಲೇ ಹೈಡ್ರಾಲಿಕ್ ಇದೆಯಲ್ಲ ಅಂತ ಕೇಳೋರಿಗೆ: ಹೌದು. ಹ್ಯಾರಿ ಫರ್ಗ್ಯುಸನ್ 1940ರ ದಶಕದಲ್ಲೇ ಹುಕ್ಕನ್ನ ಕೆಳಗಿಳಿಸಿ, ರಿಂಗಿನ ಅಡಿಗೆ ತಂದು, ಸೀಟಿನಿಂದಲೇ ಎತ್ತಿಕೊಳ್ಳೋ ವ್ಯವಸ್ಥೆ ತಂದಿದ್ದ. ಆದರೆ ನಮ್ಮ ಟ್ರ್ಯಾಕ್ಟರ್‌ನ ಮೂರು ಪಾಯಿಂಟ್ ತೋಳಿಗೆ ನೀವೇ ಹುಕ್ ಬೆಸುಗೆ ಹಾಕಿ ಟ್ಯಾಂಕರ್ ಎಳೆಯೋ ಸಾಹಸ ಬೇಡ. ಎಳೆಯೋ ಬಿಂದು ಮೇಲಾದರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಮಗುಚತ್ತೆ. ಹಾಗೇ ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ನಡುವೆ ನಿಂತು "ಬಾ, ಬಾ" ಅನ್ನೋದೂ ಬೇಡ. ಸೊಂಟ ನೋವು ಅದರ ಮುಂದೆ ಏನೂ ಅಲ್ಲ. ನಾವು ಟ್ಯಾಂಕರ್ ಮೂತಿಗೆ ಪೊರಕೆ ಕಡ್ಡಿ ಕಟ್ಟಿ ತುದಿಗೆ ಕೆಂಪು ಬಟ್ಟೆ ಸುತ್ತಿದೆವು, ಸೀಟಿನಿಂದ ತಿರುಗಿದರೆ ಅದು ಕಾಣತ್ತೆ. ಅಣ್ಣ ಈಗ ನಾಲ್ಕು ಸಲದ ಬದಲು ಒಂದೇ ಸಲ ಇಳೀತಾರೆ.

ಟವೆಲ್ ಇನ್ನೂ ಸೊಂಟದಲ್ಲೇ ಇದೆ. ಸಂಜೆ ಮಾತ್ರ ಸೈಟಿನ ದಿಬ್ಬದ ಕಡೆಗೆ ಮೂತಿ ಮಾಡಿ ನಿಲ್ಲಿಸಿ, ಬಿಚ್ಚುವ ಮೊದಲು ಹಿಂದಿನ ನಲ್ಲಿ ತೆರೀತಾರೆ. ತಳದ ನೀರು ಪಕ್ಕದ ಹೊಂಗೆ ಸಸಿಗೆ ಹೋಗತ್ತೆ. "ಇಷ್ಟು ದಿನ ಸುಮ್ನೆ ಊರೆಲ್ಲ ಹೊತ್ಕೊಂಡ್ ತಿರುಗ್ತಿದ್ನಲ್ಲ ಮಗ" ಅಂತ ಮೊನ್ನೆ ಡೀಸೆಲ್ ಲೆಕ್ಕ ಹಾಕ್ತಾ ಕೂತಿದ್ದರು.